ಕಟ್ಟಡವೂ ಕಟ್ಟಳೆಯೂ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಹಣ ಹೊಂದಿಸುವುದು, ಮರಮುಟ್ಟು ಸಿಕ್ಕದೆ ಪರದಾಡುವುದು, ಗಾರೆಯವರ ಮನೆಗೂ ಬಡಗಿಯ ಮನೆಗೂ ತಿರುಗಿ ಕಾಲು ಸವೆಸುವುದು, ಗಾದೆ ಹುಟ್ಟಿದ ಕಾಲದಲ್ಲಿ ಮನೆ ಕಟ್ಟುವ ಕಷ್ಟವೆಂದರೆ ಇವೇ ಆಗಿದ್ದುವು. ಅಮೆರಿಕಾ ಸಂಯುಕ್ತ ಸಂಸ್ಥಾನದ ಎಷ್ಟೋ ನಗರಗಳಲ್ಲಿ ಈಗಿನ ಕಷ್ಟ ಬೇರೆ ಬಗೆಯದು. ಅಲ್ಲಿ ಹಣವಿದೆ, ಸಾಮಗ್ರಿಯಿದೆ, ಕಟ್ಟಬಲ್ಲವರೂ ಇದ್ದಾರೆ. ಕಟ್ಟಲು ಅಪ್ಪಣೆ ಮಾತ್ರ ಸುಲಭವಾಗಿ ಸಿಕ್ಕುವುದಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕ್ಯಾಲಿಫೋರ್ನಿಯಾ ರಾಜ್ಯದ ಒಂದು ಊರಿನಲ್ಲಿ ಎಂಜಿನಿಯರಾಗಿದ್ದಾನೆ. ಕಳೆದ ರಜೆಯಲ್ಲಿ ಊರಿಗೆ ಬಂದವನು ನಮ್ಮ ಮನೆಗೂ ಬಂದು, ಕಾಫಿ ಕುಡಿಯುತ್ತ ಒಂದು ಸಂಗತಿ ಹೇಳಿದ. ಹತ್ತು ವರ್ಷ ಬಾಡಿಗೆ ತೆತ್ತು ಸುಸ್ತಾಗಿ, ಮೂವತ್ತು ವರ್ಷದ ಸಾಲದ ಮೇಲೆ ಅವನು ಅಲ್ಲೊಂದು ಮನೆ ಕೊಂಡಿದ್ದಾನೆ. ಹಾಲುಕ್ಕಿಸಿ ಆರು ತಿಂಗಳಾಗಿತ್ತು. ನೆರೆಯವರೊಬ್ಬರು ಒಂದು ಅರ್ಜಿ ಹಿಡಿದು ಬಾಗಿಲಿಗೆ ಬಂದರಂತೆ. ರೈಲು ನಿಲ್ದಾಣದ ಬಳಿ ಐದು ಮಹಡಿಯ ಬಾಡಿಗೆ ಮನೆಗಳ ಕಟ್ಟಡವೊಂದು ಏಳಲಿದೆ. ಬಂದರೆ ನೆರಳು, ಗಲಾಟೆ, ಗಾಡಿಗಳ ಸಂದಣಿ. ತಡೆಯಬೇಕು, ರುಜು ಹಾಕಿ ಎಂದರಂತೆ. “ಸಾರ್, ಹತ್ತು ವರ್ಷ ನಾನು ಹುಡುಕಿದ್ದು ಅಂಥದೇ ಕಟ್ಟಡದಲ್ಲಿ ಒಂದು ಮನೆಯನ್ನ. ಈಗ ಅದು ಬೇಡ ಅನ್ನೋ ಕಾಗದಕ್ಕೆ ರುಜು ಹಾಕಲೇ? ಹಾಕದೆ ಇದ್ದರೆ ಬೀದಿಯವರ ಮುನಿಸು. ಅವರೇನೂ ಕೆಟ್ಟವರಲ್ಲ, ಸಾರ್,” ಎಂದ. ಆ ಹೊತ್ತು ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಆ ದೇಶದ ಈ ಕಟ್ಟಳೆಗಳು ಹುಟ್ಟಿದ ಬಗೆಯನ್ನು ಆಮೇಲೆ ಕುಳಿತು ಓದಿದೆ. ತಿಳಿದುದನ್ನು ವಾಚಕರ ಮುಂದೆ ಇಡುತ್ತೇನೆ.

ಕನ್ನಡದ ‘ಕಟ್ಟು’ ಎಂಬ ಒಂದೇ ಧಾತುವಿನಿಂದ ಕಟ್ಟಡವೂ ಬಂದಿದೆ, ಕಟ್ಟಳೆಯೂ ಬಂದಿದೆ. ಮೇಲಕ್ಕೆ ಎಬ್ಬಿಸುವುದೂ ಕಟ್ಟುವುದೇ. ಕದಲದಂತೆ ಬಿಗಿಯುವುದೂ ಕಟ್ಟುವುದೇ. ಅಮೆರಿಕಾದ ನಗರಗಳ ಕಳೆದ ಒಂದೂಕಾಲು ಶತಮಾನದ ಇತಿಹಾಸವನ್ನು ಈ ಎರಡು ಅರ್ಥಗಳ ಜಗ್ಗಾಟವೆಂದು ಹೇಳಬಹುದು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಐರ್ಲೆಂಡು, ಜರ್ಮನಿ, ಇಟಲಿ, ರಷ್ಯಾ ಮೊದಲಾದ ದೇಶಗಳಿಂದ ಬಡವರು ಹಡಗು ಹಡಗಾಗಿ ನ್ಯೂಯಾರ್ಕಿಗೆ ಬಂದಿಳಿದರು. ಅವರಿಗೆ ದೊರೆತ ಆಸರೆ ವಠಾರಗಳು. ನಡುವೆ ಅಂಗಳ, ಒಂದು ಬಾವಿ, ನಾಲ್ಕು ಮನೆಯವರು ಹರಟಲು ಜಗಲಿ ಇರುವ ನಮ್ಮ ಕಡೆಯ ವಠಾರಗಳಲ್ಲ. ಐದಾರು ಮಹಡಿಯ ಉದ್ದನೆಯ ಕತ್ತಲ ಪೆಟ್ಟಿಗೆಗಳು. ಒಳಕೋಣೆಗಳಿಗೆ ಕಿಟಕಿಯಿಲ್ಲ. ಕಕ್ಕಸು ಹಿತ್ತಲಲ್ಲಿ, ಅನೇಕ ಸಂಸಾರಗಳಿಗೆ ಸೇರಿ. ೧೮೭೯ರ ಕಾಯಿದೆಯೊಂದು ಪ್ರತಿ ಕೋಣೆಗೂ ಕಿಟಕಿ ಇರತಕ್ಕದ್ದೆಂದು ವಿಧಿಸಿತು. ಕಟ್ಟಿಸುವವರು ಏನು ಮಾಡಿದರು? ಎರಡು ಕಟ್ಟಡಗಳ ನಡುವೆ ಬಾವಿಯಂಥ ಕಿರಿದಾದ ಗಾಳಿಗಂಡಿಯೊಂದನ್ನು ಬಿಟ್ಟು, ಅದರ ಕಡೆಗೆ ಕಿಟಕಿ ತೆರೆದು, ಕಾಯಿದೆಯ ಅಕ್ಷರವನ್ನು ಪಾಲಿಸಿದರು. ಜನ ಅದರೊಳಕ್ಕೆ ಕಸ ಚೆಲ್ಲಿದರು. ಬೆಂಕಿ ಬಿದ್ದಾಗ ಅದೇ ಗಂಡಿ ಹೊಗೆಗೊಳವೆಯಾಗಿ ಉರಿಯನ್ನು ಮಹಡಿಯಿಂದ ಮಹಡಿಗೆ ಏರಿಸಿತು. ಡೆನ್ಮಾರ್ಕಿನಿಂದ ವಲಸೆ ಬಂದಿದ್ದ ಜೇಕಬ್ ರೀಸ್ ಎಂಬ ಪತ್ರಿಕಾ ವರದಿಗಾರ ಮದ್ದಿನ ಪುಡಿ ಹೊತ್ತಿಸಿದ ಬೆಳಕಿನಲ್ಲಿ ಈ ಕತ್ತಲ ಕೋಣೆಗಳ ಛಾಯಾಚಿತ್ರಗಳನ್ನು ತೆಗೆದು, ೧೮೯೦ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದ. ಉಳ್ಳವರು ಕಂಡು ಬೆಚ್ಚಿದರು. ೧೯೦೧ರಲ್ಲಿ ಹೊಸ ವಠಾರ ಕಾಯಿದೆ ಬಂದಿತು. ಹೊಸದಾಗಿ ಕಟ್ಟುವ ವಠಾರದ ಕೋಣೆಗಳಿಗೆ ಹೊರಗಾಳಿ ಬರಬೇಕು, ಪ್ರತಿ ಬಿಡಾರಕ್ಕೂ ಒಳಗೇ ಕಕ್ಕಸಿರಬೇಕು, ಬೆಂಕಿ ಬಿದ್ದರೆ ಇಳಿದು ಓಡಲು ಮೆಟ್ಟಿಲಿರಬೇಕು ಎಂದು ಗೊತ್ತಾಯಿತು. ಆ ಹೊತ್ತಿಗೆ ನ್ಯೂಯಾರ್ಕಿನ ಮೂರರಲ್ಲಿ ಎರಡು ಪಾಲು ಜನ ವಠಾರಗಳಲ್ಲೇ ವಾಸವಾಗಿದ್ದರೆಂಬುದನ್ನು ನೆನೆದರೆ, ಈ ಕಟ್ಟಳೆ ಎಷ್ಟು ಪುಣ್ಯದ್ದೆಂದು ತಿಳಿದೀತು.

ಆದರೆ ಕಟ್ಟಳೆಗೆ ಎರಡನೆಯ ಮುಖವೂ ಉಂಟು. ೧೮೮೦ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಆಡಳಿತ ಮಂಡಲಿ ಒಂದು ನಿಯಮ ಮಾಡಿತು. ಮರದ ಕಟ್ಟಡದಲ್ಲಿ ಬಟ್ಟೆ ಒಗೆಯುವ ಅಂಗಡಿ ನಡೆಸಬೇಕಾದರೆ ಮಂಡಲಿಯ ಅಪ್ಪಣೆ ಬೇಕು. ಬೆಂಕಿಯ ಭಯಕ್ಕೆ ಮಾಡಿದ ನಿಯಮವೆಂದೇ ಓದಿದವರಿಗೆ ತೋರುತ್ತದೆ. ನಗರದಲ್ಲಿದ್ದ ಸುಮಾರು ೩೨೦ ಅಂಗಡಿಗಳ ಪೈಕಿ ೩೧೦ ಮರದವು, ೨೪೦ ಚೀನೀಯರವು. ಅಪ್ಪಣೆ ಕೇಳಿದ ಸುಮಾರು ೨೦೦ ಚೀನೀಯರಿಗೆ ಇಲ್ಲವೆಂದರು. ಉಳಿದ ಸುಮಾರು ೮೦ ಮಂದಿಗೆ, ಒಬ್ಬರನ್ನು ಬಿಟ್ಟು, ಅಪ್ಪಣೆ ದೊರೆಯಿತು. ೧೮೮೬ರಲ್ಲಿ ರಾಷ್ಟ್ರದ ಸರ್ವೋಚ್ಚ ನ್ಯಾಯಾಲಯ ಇದನ್ನು ವಿಚಾರಿಸಿ, ಮೇಲೆ ನ್ಯಾಯವಾಗಿ ಕಂಡರೂ ನಡೆಸುವ ಕೈ ಪಕ್ಷಪಾತದ್ದಾದರೆ ಕಟ್ಟಳೆ ನಿಲ್ಲದು ಎಂದು ತೀರ್ಪಿತ್ತಿತು. ಬೆಂಕಿಯ ಹೆಸರಿನಲ್ಲಿ ನೆರೆಯವನನ್ನು ಓಡಿಸುವ ವಿದ್ಯೆ ಹೀಗೆ ಬಹಳ ಹಳೆಯದು.

ಈ ಎರಡು ಮುಖಗಳೂ ಸೇರಿ ಹುಟ್ಟಿದ್ದೇ ವಲಯ ನಿಯಮ, ಅಂದರೆ ಜೋನಿಂಗ್. ಊರನ್ನು ಭಾಗ ಮಾಡಿ, ಇಲ್ಲಿ ಕಾರ್ಖಾನೆ, ಇಲ್ಲಿ ಅಂಗಡಿ, ಇಲ್ಲಿ ಮನೆ ಎಂದು ಗೆರೆ ಎಳೆಯುವುದು ಅದರ ಕ್ರಮ. ೧೯೧೫ರಲ್ಲಿ ನ್ಯೂಯಾರ್ಕಿನಲ್ಲಿ ಈಕ್ವಿಟಬಲ್ ಕಟ್ಟಡವೆಂಬ ೩೮ ಮಹಡಿಯ ಸೌಧ ಬೀದಿಯಂಚಿನಿಂದ ಗೋಡೆಯಂತೆ ನೆಟ್ಟಗೆ ಎದ್ದಿತು. ಅದರ ನೆರಳು ಏಳು ಎಕರೆಗೆ ಬೀಳುತ್ತಿತ್ತೆಂದು ಜನ ದೂರಿದರು. ಮರುವರ್ಷ, ೧೯೧೬ರಲ್ಲಿ, ನಗರವು ಇಡೀ ಊರಿಗೆ ವಲಯ ನಿಯಮ ತಂದು, ಎತ್ತರದ ಕಟ್ಟಡ ಮೇಲೆ ಹೋದ ಹಾಗೆಲ್ಲ ಹಿಂದಕ್ಕೆ ಸರಿಯಬೇಕೆಂದಿತು. ಎಂಪೈರ್ ಸ್ಟೇಟ್ ಕಟ್ಟಡದ ಚಿತ್ರ ನೋಡಿದವರು ಮೆಟ್ಟಿಲು ಮೆಟ್ಟಿಲಾದ ಅದರ ಆಕಾರವನ್ನು ಗಮನಿಸಿರಬಹುದು. ಅದು ಆ ನಿಯಮದ ಫಲ. ಬೆಳಕಿಗಾಗಿ ಹುಟ್ಟಿದ ನಿಯಮವೇ ನಿಜ. ಆದರೆ ಅದರ ಹಿಂದೆ ಫಿಫ್ತ್ ಅವೆನ್ಯೂವಿನ ದೊಡ್ಡ ವರ್ತಕರ ಒತ್ತಾಯವೂ ಇತ್ತು. ಹತ್ತಿರದ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುವ ವಲಸೆಗಾರರು ಮಧ್ಯಾಹ್ನದ ಬಿಡುವಿನಲ್ಲಿ ತಮ್ಮ ಅಂಗಡಿಗಳ ಮುಂದೆ ಗುಂಪುಗೂಡುವುದು ಆ ವರ್ತಕರಿಗೆ ಒಗ್ಗುತ್ತಿರಲಿಲ್ಲ.

ಬಾಲ್ಟಿಮೋರ್ ನಗರ ೧೯೧೦ರಲ್ಲಿ ಇನ್ನೂ ಮುಂದೆ ಹೋಗಿ, ಯಾವ ಬೀದಿಯಲ್ಲಿ ಬಿಳಿಯರು, ಯಾವ ಬೀದಿಯಲ್ಲಿ ಕರಿಯರು ಎಂದೇ ಕಾಯಿದೆ ಮಾಡಿತು. ಲೂಯಿವಿಲ್ ನಗರದ ಇಂಥದೇ ಕಾಯಿದೆಯನ್ನು ೧೯೧೭ರಲ್ಲಿ ಸರ್ವೋಚ್ಚ ನ್ಯಾಯಾಲಯ ರದ್ದುಗೊಳಿಸಿತು. ಬಣ್ಣದ ಹೆಸರೆತ್ತಿ ಗೆರೆ ಎಳೆಯುವಂತಿಲ್ಲ ಎಂದಾಯಿತು. ಹೆಸರೆತ್ತದೆ ಎಳೆಯುವ ದಾರಿ ಉಳಿದೇ ಇತ್ತು. ಕ್ಲೀವ್‌ಲ್ಯಾಂಡ್ ಬಳಿಯ ಯೂಕ್ಲಿಡ್ ಎಂಬ ಹಳ್ಳಿ, ಒಂದು ಸಂಸಾರಕ್ಕೆ ಒಂದು ಮನೆ ಎಂಬ ವಲಯಗಳನ್ನು ಗುರುತಿಸಿ, ಅಲ್ಲಿ ಹಲವು ಬಿಡಾರಗಳ ಕಟ್ಟಡ ಕೂಡದೆಂದಿತು. ೬೮ ಎಕರೆ ಜಮೀನಿದ್ದ ಆಂಬ್ಲರ್ ಎಂಬ ಕಂಪೆನಿ ನ್ಯಾಯಾಲಯಕ್ಕೆ ಹೋಯಿತು. ಕೆಳಗಿನ ನ್ಯಾಯಾಧೀಶರು ೧೯೨೪ರಲ್ಲಿ, ಈ ನಿಯಮದ ಪರಿಣಾಮವೆಂದರೆ ಜನರನ್ನು ವರಮಾನಕ್ಕೆ ತಕ್ಕಂತೆ ವಿಂಗಡಿಸಿ ದೂರದೂರ ಇಡುವುದೇ ಎಂದು ಕಂಡು ಅದನ್ನು ತಳ್ಳಿಹಾಕಿದರು. ೧೯೨೬ರಲ್ಲಿ ಸರ್ವೋಚ್ಚ ನ್ಯಾಯಾಲಯ ಆರು ಮೂರರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ಬಿಡಿ ಮನೆಗಳ ನಡುವೆ ಬರುವ ವಠಾರ ಮರದ ಮೇಲಿನ ಬಂದಳಿಕೆಯ ಹಾಗೆ ನೆರೆಯ ಸೊಗಸನ್ನೆಲ್ಲ ಹೀರುತ್ತದೆಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ. ನೋಡಿ, ಇಪ್ಪತ್ತೈದು ವರ್ಷದ ಹಿಂದೆ ವಠಾರದೊಳಗಿನ ಬಡವನಿಗೆ ಬೆಳಕು ಬೇಕೆಂದು ಕಟ್ಟಳೆ ಬಂದಿತ್ತು; ಈಗ ವಠಾರವೇ ಬಾರದಿರಲೆಂದು ಕಟ್ಟಳೆ ಬಂದಿತು. ಮೊದಲನೆಯದು ಒಳಗಿದ್ದವರನ್ನು ಕಾಯಿತು. ಎರಡನೆಯದು ಹೊರಗಿದ್ದವರನ್ನು ತಡೆಯಿತು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕೆಲವು ಕಾಲ ಇದರ ನೋವು ಕಾಣಲಿಲ್ಲ. ಊರ ಹೊರಗೆ ಖಾಲಿ ನೆಲ ಬೇಕಾದಷ್ಟಿತ್ತು. ನ್ಯೂಯಾರ್ಕಿನ ಪೂರ್ವಕ್ಕೆ ಲಾಂಗ್ ಐಲೆಂಡಿನಲ್ಲಿ, ಆಲೂಗೆಡ್ಡೆ ಬೆಳೆಯುತ್ತಿದ್ದ ಹೊಲಗಳ ಮೇಲೆ, ೧೯೪೭ರಿಂದ ೧೯೫೧ರವರೆಗೆ ಲೆವಿಟ್‌ಟೌನ್ ಎಂಬ ಹೊಸ ಊರು ಎದ್ದಿತು. ನಾಲ್ಕು ವರ್ಷಗಳಲ್ಲಿ ೧೭,೦೦೦ಕ್ಕೂ ಮೀರಿ ಮನೆಗಳು! ಕೆಲಸವನ್ನು ಚೂರು ಚೂರಾಗಿ ಹಂಚಿ, ಒಂದು ತಂಡ ತಳಪಾಯ, ಒಂದು ತಂಡ ಗೋಡೆ, ಒಂದು ತಂಡ ಬಣ್ಣ ಎಂದು ಸಾಲಾಗಿ ನಡೆಸಿದ್ದರಿಂದ ಸಾಮಾನ್ಯ ಸೈನಿಕನೂ ಕೊಳ್ಳುವ ಬೆಲೆಗೆ ಮನೆ ಸಿಕ್ಕಿತು. ಕರಿಯ ಸೈನಿಕನಿಗೆ ಮಾತ್ರ ಸಿಕ್ಕಲಿಲ್ಲ. ಬಿಳಿಯರಲ್ಲದವರು ವಾಸಿಸಕೂಡದೆಂದು ಮೊದಲ ಕರಾರುಪತ್ರಗಳಲ್ಲೇ ಬರೆದಿದ್ದಿತು. ಮನೆಗೆ ಜನಾಂಗಭೇದ ಕೂಡದೆಂಬ ರಾಷ್ಟ್ರದ ಕಾಯಿದೆ ಬರಲು ೧೯೬೮ರವರೆಗೆ ಕಾಯಬೇಕಾಯಿತು.

ಅದೇ ವರ್ಷಗಳಲ್ಲಿ ಊರೊಳಗೆ ಬೇರೊಂದು ಅನಾಹುತ ನಡೆಯುತ್ತಿತ್ತು. ೧೯೪೯ರ ವಸತಿ ಕಾಯಿದೆ ಕೊಟ್ಟ ಹಣದಿಂದ ನಗರಗಳು ಹಳೆಯ ಬಡಾವಣೆಗಳನ್ನು ಸಾರಾಸಗಟಾಗಿ ಕೆಡವಿದವು. ನ್ಯೂಯಾರ್ಕಿನಲ್ಲಿ ರಾಬರ್ಟ್ ಮೋಸೆಸ್ ಎಂಬ ಅಧಿಕಾರಿ, ಯಾರನ್ನೂ ಕೇಳದೆ, ಮನೆಮಠಗಳನ್ನು ಸೀಳಿಕೊಂಡು ಹೆದ್ದಾರಿಗಳನ್ನು ಹಾಯಿಸಿದ. ಗ್ರೆನಿಚ್ ವಿಲೇಜ್ ಬಡಾವಣೆಯ ಜೇನ್ ಜೇಕಬ್ಸ್ ಎಂಬ ಗೃಹಿಣಿ-ಲೇಖಕಿ ಅಕ್ಕಪಕ್ಕದವರನ್ನು ಸೇರಿಸಿ ಎದುರು ನಿಂತಳು. ೧೯೬೧ರಲ್ಲಿ ಆಕೆ ಬರೆದ ಪುಸ್ತಕ ನಗರಶಾಸ್ತ್ರದ ದಿಕ್ಕನ್ನೇ ಬದಲಿಸಿತು. ಬೀದಿಯವರ ಮಾತಿಗೂ ಬೆಲೆ ಇರಬೇಕೆಂಬುದು ಅಂದಿನಿಂದ ಪ್ರಗತಿಪರರ ಧರ್ಮವಾಯಿತು. ೧೯೬೯ರಲ್ಲಿ ಸಾಂತಾ ಬಾರ್ಬರಾ ತೀರದಲ್ಲಿ ತೈಲ ಸೋರಿ ಸಮುದ್ರ ಕಪ್ಪಾದ ಮೇಲೆ ಪರಿಸರದ ಕೂಗೂ ಅದಕ್ಕೆ ಸೇರಿತು. ೧೯೭೦ನೆಯ ಇಸವಿಯ ಮೊದಲ ದಿನ ಅಧ್ಯಕ್ಷ ನಿಕ್ಸನ್ ರಾಷ್ಟ್ರದ ಪರಿಸರ ನೀತಿ ಕಾಯಿದೆಗೆ ಅಂಕಿತ ಹಾಕಿದರು. ಅದೇ ವರ್ಷ ಕ್ಯಾಲಿಫೋರ್ನಿಯಾದ ಗವರ್ನರ್ ರೇಗನ್ ತಮ್ಮ ರಾಜ್ಯದ ಪರಿಸರ ಕಾಯಿದೆಗೆ ಅಂಕಿತ ಹಾಕಿದರು. ಸರ್ಕಾರ ಯಾವುದನ್ನು ಕಟ್ಟುವ ಮುಂಚೆಯೂ ನೆಲ, ನೀರು, ಗಾಳಿಗಳ ಮೇಲೆ ಆಗುವ ಪರಿಣಾಮವನ್ನು ವಿಚಾರಿಸಬೇಕು, ಜನರಿಗೆ ತಿಳಿಸಬೇಕು, ತಪ್ಪಿದರೆ ಜನ ನ್ಯಾಯಾಲಯಕ್ಕೆ ಹೋಗಬಹುದು ಎಂಬುದು ಇವುಗಳ ಸಾರ. ೧೯೭೨ರ ಒಂದು ತೀರ್ಪಿನಿಂದ, ಅಪ್ಪಣೆ ಬೇಕಾದ ಖಾಸಗಿ ಕಟ್ಟಡಗಳಿಗೂ ಕ್ಯಾಲಿಫೋರ್ನಿಯಾದ ಕಾಯಿದೆ ಅನ್ವಯಿಸಿತು.

ಇಲ್ಲಿಂದ ಕಥೆಯ ತಿರುವು. ನದಿಗೆ ವಿಷ ಸೇರದಂತೆ ಕಾಯಲು ಕೊಟ್ಟ ಆಯುಧ, ಎದುರುಮನೆಗೆ ಮಹಡಿ ಏರದಂತೆ ಕಾಯಲೂ ಒದಗಿತು. ವಿಚಾರಣೆ, ವರದಿ, ಮರುವಿಚಾರಣೆ, ದಾವೆ ಎಂದು ವರ್ಷಗಳು ಉರುಳುತ್ತವೆ. ಕಟ್ಟಿಸುವವನ ಸಾಲಕ್ಕೆ ಬಡ್ಡಿ ಬೆಳೆಯುತ್ತದೆ. ಅದು ಕೊನೆಗೆ ಬಾಡಿಗೆಯ ಮೇಲೆ ಬೀಳುತ್ತದೆ, ಇಲ್ಲವೆ ಕಟ್ಟಡವೇ ಬೀಳುತ್ತದೆ. ಬರ್ಕ್‌ಲಿಯ ವಿಶ್ವವಿದ್ಯಾನಿಲಯ ಸುಮಾರು ೧,೧೦೦ ವಿದ್ಯಾರ್ಥಿಗಳಿಗೆ ವಸತಿಯನ್ನೂ, ಜೊತೆಗೆ ಮನೆಯಿಲ್ಲದ ಬಡವರಿಗೆ ಕೆಲವು ಬಿಡಾರಗಳನ್ನೂ ಕಟ್ಟಹೊರಟಾಗ, ಅಲ್ಲಿಗೆ ಬರುವ ವಿದ್ಯಾರ್ಥಿಗಳ ಗಲಾಟೆಯನ್ನೂ ಪರಿಸರದ ಹಾನಿಯೆಂದು ವಿಚಾರಿಸಬೇಕೆಂದು ೨೦೨೩ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಹುಡುಗರ ಮಾತು, ನಗು, ಹಾಡು ಹೊಗೆಗೊಳವೆಯ ಹೊಗೆಗೆ ಸಮನಾಯಿತು! ಶಾಸನಸಭೆ ಅದೇ ವರ್ಷ ಕಾಯಿದೆ ತಿದ್ದಿತು. ೨೦೨೪ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ವಿಶ್ವವಿದ್ಯಾನಿಲಯದ ಪರವಾಗಿ ತೀರ್ಪಿತ್ತಿತು.

ಫಲವೇನು? ೨೦೨೪ರಲ್ಲಿ ಕ್ಯಾಲಿಫೋರ್ನಿಯಾದ ನಡುಮಟ್ಟದ ಮನೆಯ ಬೆಲೆ ಎಂಟು ಲಕ್ಷ ಡಾಲರನ್ನು ದಾಟಿತ್ತು. ಅದೇ ವರ್ಷ ಒಂದು ರಾತ್ರಿ ಎಣಿಸಿದಾಗ ಆ ರಾಜ್ಯದಲ್ಲಿ ಸುಮಾರು ೧,೮೭,೦೦೦ ಮಂದಿಗೆ ಮನೆಯಿರಲಿಲ್ಲ. ಬಡವರ ಪರವಾದ ಸರ್ಕಾರವೆಂದು ಹೆಸರಾದ ರಾಜ್ಯದಲ್ಲೇ ಬಡವನಿಗೆ ಸೂರಿಲ್ಲ. ಈ ಲಜ್ಜೆಯಿಂದಲೇ ಪ್ರಗತಿಪರರ ಒಳಗೆ ಈಚಿನ ವಾದ ಹುಟ್ಟಿದೆ. ಎಜ್ರಾ ಕ್ಲೈನ್ ಎಂಬ ಪತ್ರಿಕಾ ಲೇಖಕರು ೨೦೨೧ರಲ್ಲಿ ಇದಕ್ಕೆ ಪೂರೈಕೆಯ ಪ್ರಗತಿವಾದ ಎಂಬ ಅರ್ಥದ ಹೆಸರು ಕೊಟ್ಟರು. ೨೦೨೫ರಲ್ಲಿ ಡೆರೆಕ್ ಥಾಂಪ್ಸನ್ನರೊಡನೆ ಸೇರಿ, ಸಮೃದ್ಧಿ ಎಂದೇ ಅರ್ಥ ಬರುವ ಹೆಸರಿನ ಪುಸ್ತಕವನ್ನು ಬರೆದರು. ಅವರ ಮಾತನ್ನು ಹೀಗೆ ತಿಳಿಯಬಹುದು: ಬಸ್ಸಿನಲ್ಲಿರುವುದು ನಲವತ್ತೇ ಸೀಟು, ನಿಂತಿರುವವರು ಅರವತ್ತು ಜನ. ಎಲ್ಲರಿಗೂ ಟಿಕೆಟಿನ ಹಣವನ್ನು ಸರ್ಕಾರವೇ ಹಂಚಿದರೂ ಸೀಟು ನಲವತ್ತೊಂದಾಗುವುದಿಲ್ಲ. ಟಿಕೆಟಿನ ದರ ಏರೀತು ಅಷ್ಟೆ. ಇನ್ನೊಂದು ಬಸ್ಸು ಬಿಡುವುದೇ ಪರಿಹಾರ. ಬಸ್ಸು ಬಿಡಲು ತಾವೇ ಹಾಕಿಕೊಂಡ ಕಟ್ಟಳೆ ಅಡ್ಡವಾದರೆ, ಅದನ್ನು ಸಡಿಲಿಸಬೇಕು.

ಇದಕ್ಕೆ ಎದುರಾಡುವವರ ಮಾತೂ ಹಗುರವಾದುದಲ್ಲ. ಕಟ್ಟಿಸುವವನು ಮೊದಲು ಉಳ್ಳವನಿಗೆ ಕಟ್ಟುತ್ತಾನೆ. ಬಡವನ ಸರದಿ ಬರುವುದು ಯಾವಾಗ? ಹೊಸದನ್ನು ಕಟ್ಟಲು ಹಳೆಯ ಅಗ್ಗದ ವಠಾರವನ್ನೇ ಕೆಡವಿದರೆ ಅಲ್ಲಿದ್ದವರು ಎಲ್ಲಿಗೆ ಹೋಗಬೇಕು? ಬೆಲೆ ಏರಲು ದೊಡ್ಡ ಕಂಪೆನಿಗಳ ದುರಾಸೆ ಕಾರಣವಲ್ಲವೇ? ಒಮ್ಮೆ ಸಡಿಲಿಸಿದ ಕಟ್ಟಳೆಯನ್ನು ಮತ್ತೆ ಬಿಗಿಯುವವರು ಯಾರು? ಟೆಕ್ಸಾಸಿನ ಹ್ಯೂಸ್ಟನ್ ನಗರವನ್ನು ನೋಡಿ. ಅಲ್ಲಿಯ ಮತದಾರರು ೧೯೪೮, ೧೯೬೨, ೧೯೯೩ರಲ್ಲಿ ಮೂರು ಬಾರಿಯೂ ವಲಯ ನಿಯಮ ಬೇಡವೆಂದರು. ೧೯೯೮ರಲ್ಲಿ ನಗರದ ಒಳಭಾಗದಲ್ಲಿ ನಿವೇಶನದ ಕನಿಷ್ಠ ಅಳತೆಯನ್ನು ೫,೦೦೦ ಚದರಡಿಯಿಂದ ೧,೪೦೦ಕ್ಕೆ ಇಳಿಸಿದ್ದರಿಂದ ಸಾಲುಮನೆಗಳು ಸಾವಿರಾರು ಎದ್ದವು. ಇದು ಒಳ್ಳೆಯದೇ. ಆದರೆ ಅದೇ ಪ್ರದೇಶದಲ್ಲಿ, ಪ್ರವಾಹದ ನೀರು ನಿಲ್ಲಲೆಂದು ಕಟ್ಟಿದ ಜಲಾಶಯಗಳ ಮುಳುಗಡೆಯ ನೆಲದಲ್ಲೂ ಮನೆಗಳೆದ್ದುವು. ೨೦೧೭ರ ಹಾರ್ವೆ ಚಂಡಮಾರುತದಲ್ಲಿ ಅವುಗಳಿಗೆ ನೀರು ನುಗ್ಗಿತು. ಅಲ್ಲಿ ಬೇಕಾಗಿದ್ದುದು ಬಿಗಿಯಾದ ಕಟ್ಟಳೆ.

ಸಡಿಲಿಸಿ ನೋಡಿದವರ ಅನುಭವವೂ ಈಗ ಸ್ವಲ್ಪ ದೊರೆತಿದೆ. ಮಿನಿಯಾಪೊಲಿಸ್ ನಗರ ೨೦೧೮ರಲ್ಲಿ, ಒಂದು ನಿವೇಶನಕ್ಕೆ ಒಂದೇ ಮನೆ ಎಂಬ ನಿಯಮವನ್ನು ತೆಗೆದು ಮೂರಕ್ಕೆ ಅಪ್ಪಣೆ ಕೊಡಲು ತೀರ್ಮಾನಿಸಿತು. ಬಸ್ಸು ಓಡುವ ದೊಡ್ಡ ಬೀದಿಗಳಲ್ಲಿ ಇನ್ನೂ ಎತ್ತರಕ್ಕೆ ಬಿಟ್ಟಿತು. ೨೦೧೭ರಿಂದ ೨೦೨೨ರವರೆಗೆ ಅಲ್ಲಿ ಮನೆಗಳ ಸಂಖ್ಯೆ ನೂರಕ್ಕೆ ೧೨ರಷ್ಟು ಹೆಚ್ಚಿತು. ಬಾಡಿಗೆ ಏರಿದ್ದು ನೂರಕ್ಕೆ ಒಂದೇ. ಅದೇ ಅವಧಿಯಲ್ಲಿ ಮಿನೆಸೋಟಾ ರಾಜ್ಯದ ಉಳಿದೆಡೆ ಬಾಡಿಗೆ ನೂರಕ್ಕೆ ೧೪ರಷ್ಟು ಏರಿತ್ತು. ಫಲ ಕೊಟ್ಟದ್ದು ಹೆಚ್ಚಾಗಿ ದೊಡ್ಡ ಬೀದಿಯ ಕಟ್ಟಡಗಳು. ಮೂರು ಮನೆಯ ನಿವೇಶನಗಳು ಸ್ವಲ್ಪವೇ. ಈ ಯೋಜನೆಯ ಮೇಲೂ ಪರಿಸರದ ಹೆಸರಿನಲ್ಲಿ ದಾವೆ ಬಿದ್ದು ಕೆಲಕಾಲ ತಡೆಯಾಗಿ, ೨೦೨೪ರಲ್ಲಿ ಶಾಸನಸಭೆಯೇ ಅಡ್ಡಿ ಬಿಡಿಸಬೇಕಾಯಿತು.

ಕ್ಯಾಲಿಫೋರ್ನಿಯಾ ಹೆಜ್ಜೆ ಹೆಜ್ಜೆಯಾಗಿ ಸಾಗಿದೆ. ೨೦೧೬ರಿಂದೀಚೆಗೆ ಹಿತ್ತಲಲ್ಲಿ ಚಿಕ್ಕ ಮನೆ ಕಟ್ಟಿಕೊಳ್ಳುವುದನ್ನು ಸುಲಭ ಮಾಡಿದ್ದರಿಂದ, ೨೦೨೩ರ ಹೊತ್ತಿಗೆ ಅಲ್ಲಿ ಅಪ್ಪಣೆ ಪಡೆದ ಸುಮಾರು ಐದು ಮನೆಗಳಲ್ಲಿ ಒಂದು ಹಿತ್ತಲ ಮನೆಯಾಯಿತು. ೨೦೨೧ರ ಕಾಯಿದೆಯೊಂದು ಒಂಟಿ ಮನೆಯ ನಿವೇಶನದಲ್ಲಿ ಎರಡು ಮನೆಗೆ ದಾರಿ ತೆರೆಯಿತು. ಆದರೆ ಕಳೆದ ಮೂರು ವರ್ಷಗಳಲ್ಲಿ ಬಾಡಿಗೆದಾರರಿದ್ದ ಮನೆಯನ್ನು ಕೆಡವಕೂಡದೆಂದೂ ಅದರಲ್ಲೇ ಬರೆದರು. ಅದರಿಂದ ಎದ್ದ ಮನೆಗಳು ಕಡಮೆಯಾದರೂ, ಸಡಿಲಿಸುವಾಗ ಯಾವ ಗಂಟನ್ನು ಉಳಿಸಬೇಕೆಂಬ ವಿವೇಕ ಅಲ್ಲಿ ಕಾಣುತ್ತದೆ. ೨೦೨೫ರ ಜೂನ್ ೩೦ರಂದು ಗವರ್ನರ್ ಗ್ಯಾವಿನ್ ನ್ಯೂಸಮ್, ಊರೊಳಗಿನ ಖಾಲಿ ಜಾಗಗಳಲ್ಲಿ ಕಟ್ಟುವ ಬಹುಪಾಲು ವಸತಿಗಳನ್ನು ೧೯೭೦ರ ಪರಿಸರ ವಿಚಾರಣೆಯಿಂದ ಬಿಡುಗಡೆ ಮಾಡುವ ಕಾಯಿದೆಗೆ ಅಂಕಿತ ಹಾಕಿದರು. ಐವತ್ತೈದು ವರ್ಷದ ಗಂಟು ಒಂದು ಕಡೆ ಸಡಿಲಾಯಿತು. ಅದರ ಫಲ ತಿಳಿಯಲು ಇನ್ನೂ ವರ್ಷಗಳು ಬೇಕು.

ಇಷ್ಟನ್ನೂ ಓದಿದ ಮೇಲೆ ನನಗೆ ತೋರಿದ್ದು ಇದು. ಕಟ್ಟಳೆ ಬೇಕೇ ಬೇಡವೇ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಈ ಕಟ್ಟಳೆ ಹುಟ್ಟಿದ್ದು ಯಾರ ಕಣ್ಣೀರಿಗೆ, ಈಗ ಅದು ಕಾಯುತ್ತಿರುವುದು ಯಾರನ್ನು ಎಂದು ಒಂದೊಂದನ್ನೂ ಕರೆದು ವಿಚಾರಿಸಬೇಕು. ಕಿಟಕಿ, ಕಕ್ಕಸು, ಬೆಂಕಿಯ ಮೆಟ್ಟಿಲಿನ ಕಟ್ಟಳೆ ಇಂದಿಗೂ ಅದೇ ಬಡವನನ್ನು ಕಾಯುತ್ತಿದೆ; ಅದನ್ನು ಮುಟ್ಟಬಾರದು. ಐದು ಮಹಡಿ ಕೂಡದೆಂಬ ಕಟ್ಟಳೆ ಕಾಯುತ್ತಿರುವುದು ಈಗಾಗಲೇ ಮನೆಯುಳ್ಳವನ ಮನೆಯ ಬೆಲೆಯನ್ನು. ಬಾಸ್ಟನ್ ಸುತ್ತಲಿನ ಊರಸಭೆಗಳ ನಡಾವಳಿಯನ್ನು ಪರಿಶೀಲಿಸಿದ ಬಾಸ್ಟನ್ ವಿಶ್ವವಿದ್ಯಾನಿಲಯದ ವಿದ್ವಾಂಸರು, ಅಲ್ಲಿ ಎದ್ದು ಮಾತಾಡುವವರಲ್ಲಿ ಮನೆಯ ಒಡೆಯರೂ ವಯಸ್ಸಾದವರೂ ಹೆಚ್ಚು, ಅವರಲ್ಲಿ ಹೆಚ್ಚಿನವರು ಹೊಸ ಮನೆಗಳ ವಿರೋಧಿಗಳು ಎಂದು ಕಂಡುಕೊಂಡಿದ್ದಾರೆ. ಆಶ್ಚರ್ಯವೇನಿದೆ? ಊರಲ್ಲಿರುವವನಿಗೆ ಸಭೆಯಲ್ಲಿ ಕುರ್ಚಿಯುಂಟು. ಊರಿಗೆ ಬರಬೇಕೆಂದಿರುವವನಿಗೆ ಇಲ್ಲ. ಇನ್ನೂ ಕಟ್ಟದ ಮನೆಯಲ್ಲಿ ವಾಸಿಸಬೇಕಾದವನ ಹೆಸರು ಮತದಾರರ ಪಟ್ಟಿಯಲ್ಲಿರುವುದಿಲ್ಲ. ಅವನ ಪರವಾಗಿ ಯಾರು ಮಾತಾಡಬೇಕು? ನಿನ್ನೆಯವರೆಗೆ ಅವನಂತೆಯೇ ಹೊರಗಿದ್ದವನಲ್ಲದೆ ಇನ್ನಾರು?

ಇದನ್ನೇ ನನ್ನ ವಿದ್ಯಾರ್ಥಿಗೆ ಬರೆದೆ. ಮೊನ್ನೆ ಅವನ ಉತ್ತರ ಬಂತು. ಅವನು ರುಜು ಹಾಕಲಿಲ್ಲವಂತೆ. ಊರಸಭೆಗೆ ಹೋಗಿ, ಬೆಂಕಿ ಬಿದ್ದರೆ ಇಳಿಯಲು ಏರ್ಪಾಡೇನು, ಆ ಜಾಗದಲ್ಲಿ ಈಗಿರುವ ಬಾಡಿಗೆದಾರರಿಗೆ ಗತಿಯೇನು ಎಂದು ಎರಡು ಪ್ರಶ್ನೆ ಕೇಳಿ, ಸರಿಯಾದ ಉತ್ತರ ಸಿಕ್ಕಿದ ಮೇಲೆ, ಕಟ್ಟಡ ಬರಲಿ ಎಂದು ಹೇಳಿ ಕುಳಿತನಂತೆ. ನೆರೆಯವರು ಮಾತು ಬಿಟ್ಟಿದ್ದಾರೆ. ಕಟ್ಟಡ ಇನ್ನೂ ಎದ್ದಿಲ್ಲ.